ಕಾರ್ಯಾಗಾರಕ್ಕೊಬ್ಬ ಶಿಕ್ಷಕರನ್ನು ಹುಡುಕಿದ ಬಗೆ

ಇಂಗ್ಲೆಂಡಿನ ಮಾಧ್ಯಮಿಕ ಶಾಲೆಗಳಲ್ಲಿ ‘ಡಿಸೈನ್ ಅಂಡ್ ಟೆಕ್ನಾಲಜಿ’ ಎಂಬ ವಿಷಯವೊಂದಿದೆ. ಇಲ್ಲಿನವರು ಚಿಕ್ಕದಾಗಿ ‘ಡಿಟಿ’ ಎನ್ನುತ್ತಾರೆ. 1990ರಲ್ಲಿ ರಾಷ್ಟ್ರೀಯ ಪಠ್ಯಕ್ರಮದೊಳಗೆ ಬಂದದ್ದು. ಅದಕ್ಕೂ ಮೊದಲು ಮರಗೆಲಸ, ಲೋಹಗೆಲಸ, ಹೊಲಿಗೆ, ಅಡುಗೆ ಎಂದು ಬೇರೆ ಬೇರೆ ಕೋಣೆಗಳಲ್ಲಿ ನಡೆಯುತ್ತಿದ್ದ ಪಾಠಗಳನ್ನು ಒಂದೇ ಸೂರಿನಡಿ ತಂದು, ‘ಏನನ್ನು ಮಾಡಬೇಕು, ಯಾರಿಗಾಗಿ ಮಾಡಬೇಕು’ ಎಂಬ ವಿನ್ಯಾಸದ ಆಲೋಚನೆಯನ್ನು ಅದಕ್ಕೆ ಜೋಡಿಸಿದರು. ಹೆಚ್ಚಿನ ಶಾಲೆಗಳಲ್ಲಿ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳೆಲ್ಲರೂ ಇದನ್ನು ಕಲಿಯುತ್ತಾರೆ. ಆಮೇಲೆ ಇಷ್ಟವಿದ್ದವರು ಹದಿನಾರರ ವಯಸ್ಸಿನ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಆರಿಸಿಕೊಳ್ಳುತ್ತಾರೆ.

ನಾನು ಇಲ್ಲಿನ ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿ. ಅದು ಸಂಬಳವಿಲ್ಲದ ಜವಾಬ್ದಾರಿ. ವೃತ್ತಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಆದ್ದರಿಂದ, 2024ರ ಜನವರಿಯಲ್ಲಿ ನಮ್ಮ ಡಿಟಿ ಶಿಕ್ಷಕರು ಆಗಸ್ಟ್ ಕೊನೆಗೆ ನಿವೃತ್ತರಾಗುವುದಾಗಿ ತಿಳಿಸಿದಾಗ, ಆಯ್ಕೆ ಸಮಿತಿಗೆ ನನ್ನ ಹೆಸರೇ ಮುಂದೆ ಬಂತು. ಸಂತೋಷದಿಂದ ಒಪ್ಪಿಕೊಂಡೆ. ಶಾಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗವೆಂದರೆ ಆ ಕಾರ್ಯಾಗಾರ.

ಆದರೆ ಶಿಕ್ಷಕರನ್ನು ಹುಡುಕುವ ಮಾತಿಗಿಂತ ಮೊದಲು ಹಣಕಾಸು ಸಮಿತಿಯಲ್ಲಿ ಬೇರೊಂದು ಪ್ರಶ್ನೆ ಎದ್ದಿತು: ಈ ಹುದ್ದೆಯನ್ನು ತುಂಬಲೇಬೇಕೇ? ಜಿಸಿಎಸ್‌ಇಗೆ ಈ ವಿಷಯ ತೆಗೆದುಕೊಳ್ಳುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಇದು ನಮ್ಮ ಶಾಲೆಯೊಂದರ ಕಥೆಯಲ್ಲ. ಹದಿನಾಲ್ಕು ದಾಟಿದ ಮಕ್ಕಳಿಗೆ ಡಿಟಿ 2004ರಿಂದ ಕಡ್ಡಾಯವಲ್ಲ. 2010ರಲ್ಲಿ ಸರ್ಕಾರ ಶಾಲೆಗಳನ್ನು ಅಳೆಯಲು ‘ಇಂಗ್ಲಿಷ್ ಬ್ಯಾಕಲೋರಿಯೇಟ್’ ಎಂಬ ವಿಷಯಗಳ ಗುಂಪನ್ನು ತಂದಾಗ ಅದರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಚರಿತ್ರೆ ಅಥವಾ ಭೂಗೋಳ, ಮತ್ತೊಂದು ಭಾಷೆ ಸೇರಿದವು, ಡಿಟಿ ಸೇರಲಿಲ್ಲ. ಲೆಕ್ಕಕ್ಕೆ ಬಾರದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕುಗ್ಗುತ್ತಾ ಹೋಯಿತು. ಜೊತೆಗೆ ಇದು ದುಬಾರಿ ವಿಷಯ. ಮರ, ಅಕ್ರಿಲಿಕ್, ಬಟ್ಟೆ, ಡ್ರಿಲ್ ಬಿಟ್‌ಗಳು, ಯಂತ್ರಗಳ ನಿರ್ವಹಣೆ, ತಂತ್ರಜ್ಞರ ಸಂಬಳ, ಎಲ್ಲಕ್ಕೂ ದುಡ್ಡು ಬೇಕು. ಇದೇ ಹಣದಲ್ಲಿ ಒಂದು ಕಂಪ್ಯೂಟರ್ ಕೊಠಡಿ ಮಾಡಬಹುದಲ್ಲ ಎಂದು ಒಬ್ಬ ಸದಸ್ಯರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ನಾನು ಹೇಳಿದ್ದು ಇಷ್ಟು. ನನ್ನ ಕಚೇರಿಗೆ ಸೇರುವ ಹೊಸ ಎಂಜಿನಿಯರುಗಳು ಪರದೆಯ ಮೇಲೆ ಯಾವ ಆಕಾರವನ್ನಾದರೂ ಬರೆಯಬಲ್ಲರು. ಆದರೆ ಆ ಆಕಾರದೊಳಗೆ ಸ್ಪ್ಯಾನರ್ ಹೋಗಲು ಜಾಗವಿದೆಯೇ ಎಂದು ಕೇಳಿದರೆ ಅವರಲ್ಲಿ ಅನೇಕರು ಸುಮ್ಮನಾಗುತ್ತಾರೆ. ವಸ್ತು ಕೈಗೆ ಸಿಕ್ಕಿದಾಗ ಹೇಗೆ ವರ್ತಿಸುತ್ತದೆ, ಎಲ್ಲಿ ಸೀಳುತ್ತದೆ, ಎಲ್ಲಿ ಬಾಗುತ್ತದೆ ಎನ್ನುವುದು ಕೈಯಿಂದಲೇ ಬರುವ ತಿಳಿವಳಿಕೆ. ಹನ್ನೆರಡು ವರ್ಷದ ಮಗುವಿಗೆ ಅದನ್ನು ಕೊಡುವ ಜಾಗ ಶಾಲೆಯಲ್ಲಿ ಇದೊಂದೇ. ಈ ಶಿಕ್ಷಕರನ್ನು ಈಗ ತೆಗೆದುಕೊಳ್ಳದಿದ್ದರೆ ಮುಂದಿನ ವರ್ಷ ಯಂತ್ರಗಳನ್ನು ಮಾರುತ್ತೇವೆ, ಅದರ ಮುಂದಿನ ವರ್ಷ ಆ ಕೋಣೆಗೆ ಕಾರ್ಪೆಟ್ ಹಾಕುತ್ತೇವೆ. ಆಮೇಲೆ ಮನಸ್ಸು ಬದಲಾದರೂ ಮತ್ತೆ ಕಾರ್ಯಾಗಾರ ಕಟ್ಟಲು ಯಾವ ಶಾಲೆಗೂ ಶಕ್ತಿಯಿರುವುದಿಲ್ಲ. ಮುಖ್ಯೋಪಾಧ್ಯಾಯಿನಿಯವರೂ ಇದನ್ನೇ ನಂಬಿದವರು. ಹುದ್ದೆ ಉಳಿಯಿತು.

ಫೆಬ್ರವರಿಯಲ್ಲಿ ಮೊದಲ ಜಾಹೀರಾತು ಹೋಯಿತು. ಕಚೇರಿಯಲ್ಲಿದ್ದ ಹಳೆಯ ಮಾದರಿಯನ್ನೇ ಬಳಸಿದ್ದರು. ಅಭ್ಯರ್ಥಿಗೆ ಮರ, ಲೋಹ, ಪ್ಲಾಸ್ಟಿಕ್, ಬಟ್ಟೆ, ಎಲೆಕ್ಟ್ರಾನಿಕ್ಸ್, ಗ್ರಾಫಿಕ್ಸ್, ಕಂಪ್ಯೂಟರ್ ವಿನ್ಯಾಸ ಎಲ್ಲವೂ ಗೊತ್ತಿರಬೇಕು, ಅಗತ್ಯ ಬಿದ್ದರೆ ಅಡುಗೆಯನ್ನೂ ಕಲಿಸಬೇಕು ಎಂದು ಅದರಲ್ಲಿತ್ತು. ಅಂಥ ಒಬ್ಬ ಮನುಷ್ಯ ಈ ದೇಶದಲ್ಲಿ ಎಲ್ಲೋ ಇರಬಹುದು. ನಮ್ಮ ಶಾಲೆಗೆ ಅರ್ಜಿ ಹಾಕಲಿಲ್ಲ. ಬಂದದ್ದು ಬೆರಳೆಣಿಕೆಯ ಅರ್ಜಿಗಳು. ಅವುಗಳಲ್ಲಿ ಸಂದರ್ಶನಕ್ಕೆ ಕರೆಯಬಹುದಾದವರು ಒಬ್ಬರೇ, ಅವರೂ ಸಂದರ್ಶನದ ಬೆಳಿಗ್ಗೆ ಫೋನ್ ಮಾಡಿ ಬೇರೆ ಶಾಲೆಯಲ್ಲಿ ಕೆಲಸ ಒಪ್ಪಿಕೊಂಡಿರುವುದಾಗಿ ತಿಳಿಸಿದರು.

ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡಿನಲ್ಲಿ ಡಿಟಿ ಶಿಕ್ಷಕರ ಕೊರತೆ ಹಳೆಯ ಸಮಸ್ಯೆ. ಪ್ರತಿ ವರ್ಷ ಎಷ್ಟು ಜನ ತರಬೇತಿಗೆ ಸೇರಬೇಕೆಂದು ಶಿಕ್ಷಣ ಇಲಾಖೆ ಗುರಿ ಹಾಕಿಕೊಳ್ಳುತ್ತದೆ. 2023-24ರಲ್ಲಿ ಈ ವಿಷಯದಲ್ಲಿ ಸೇರಿದವರು ಆ ಗುರಿಯ ಕಾಲು ಭಾಗವನ್ನು ಸ್ವಲ್ಪವೇ ಮೀರಿದ್ದರು. ಆ ವರ್ಷ ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭದ ಸಂಬಳ ವರ್ಷಕ್ಕೆ 30,000 ಪೌಂಡ್. ಒಳ್ಳೆಯ ಉತ್ಪನ್ನ ವಿನ್ಯಾಸಕರು, ಎಂಜಿನಿಯರುಗಳು ಹೊರಗಿನ ಕೆಲಸವನ್ನೇ ಆರಿಸಿಕೊಂಡರೆ ಅವರನ್ನು ದೂರಲಾಗದು. ಸರ್ಕಾರ 2024-25ರ ತರಬೇತಿ ವರ್ಷಕ್ಕೆ ಈ ವಿಷಯಕ್ಕೆ 25,000 ಪೌಂಡ್ ವಿದ್ಯಾರ್ಥಿವೇತನ ಪ್ರಕಟಿಸಿದ್ದು ಈ ಬರವನ್ನು ನೋಡಿಯೇ. ಆದರೆ ಅದರ ಫಲ ನಮ್ಮ ಸೆಪ್ಟೆಂಬರಿಗೆ ಒದಗುವಂತಿರಲಿಲ್ಲ.

ಎರಡನೇ ಜಾಹೀರಾತಿಗೆ ಮುಂಚೆ ನಾವು ಕುಳಿತು ಯೋಚಿಸಿದೆವು. ನಿವೃತ್ತರಾಗುತ್ತಿದ್ದ ಶಿಕ್ಷಕರನ್ನೂ ಕರೆದೆವು, ಕಾರ್ಯಾಗಾರದ ತಂತ್ರಜ್ಞರನ್ನೂ ಕರೆದೆವು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಮಾತುಕತೆ. ನಮಗೆ ಯಾವ ವಿಷಯದ ಪರಿಣತರು ಬೇಕು ಎಂದು ಕೇಳಿಕೊಳ್ಳುವ ಬದಲು, ಮಕ್ಕಳು ಈ ಕೋಣೆಯಿಂದ ಏನನ್ನು ಕಲಿತು ಹೊರಡಬೇಕು ಎಂದು ಕೇಳಿಕೊಂಡೆವು. ಒಂದು ವಸ್ತುವನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂದು ತಿಳಿಯುವುದು, ಅದನ್ನು ಅಳತೆಗೆ ಸರಿಯಾಗಿ ಮಾಡುವುದು, ಸರಿಯಾಗದಿದ್ದರೆ ಏಕೆಂದು ಕಂಡುಕೊಂಡು ಮತ್ತೆ ಮಾಡುವುದು. ಇದನ್ನು ಮರದಲ್ಲಿ ಕಲಿಸಬಹುದು, ಬಟ್ಟೆಯಲ್ಲೂ ಕಲಿಸಬಹುದು. 2017ರ ಸೆಪ್ಟೆಂಬರಿನಿಂದ ಕಲಿಸುತ್ತಿರುವ ಜಿಸಿಎಸ್‌ಇಯಲ್ಲಿ ಮರಕ್ಕೊಂದು, ಬಟ್ಟೆಗೊಂದು, ಗ್ರಾಫಿಕ್ಸಿಗೊಂದು ಎಂದು ಬೇರೆ ಬೇರೆ ಪರೀಕ್ಷೆಗಳೂ ಇಲ್ಲ. ಎಲ್ಲರಿಗೂ ಸಮಾನವಾದ ತಿಳಿವಳಿಕೆ ಒಂದಿಷ್ಟು, ಆರಿಸಿಕೊಂಡ ವಸ್ತುವಿನಲ್ಲಿ ಆಳ ಒಂದಿಷ್ಟು. ಅಡುಗೆ ಮತ್ತು ಪೋಷಣೆಗೆ ಪ್ರತ್ಯೇಕ ಜಿಸಿಎಸ್‌ಇ ಇದೆ, ನಮ್ಮಲ್ಲಿ ಅದಕ್ಕೆ ಬೇರೆ ಶಿಕ್ಷಕಿಯೂ ಇದ್ದಾರೆ. ಹಾಗಿದ್ದ ಮೇಲೆ ಅಡುಗೆಯ ಸಾಲನ್ನು ಜಾಹೀರಾತಿನಲ್ಲಿ ಇಟ್ಟುಕೊಳ್ಳುವುದೇಕೆ?

ತಂತ್ರಜ್ಞರು ಮತ್ತೊಂದು ಮಾತು ಹೇಳಿದರು. ಒಳ್ಳೆಯ ಡಿಟಿ ಶಿಕ್ಷಕರು ಹುದ್ದೆಯ ವಿವರ ಓದುವಾಗ ಮೊದಲು ನೋಡುವುದು ಅಲ್ಲಿ ತಂತ್ರಜ್ಞರಿದ್ದಾರೆಯೇ, ಎಷ್ಟು ಗಂಟೆ ಇರುತ್ತಾರೆ ಎಂಬುದನ್ನು. ಮರ ಕತ್ತರಿಸಿಡುವವರು, ಬ್ಲೇಡ್ ಬದಲಿಸುವವರು, ಉಪಕರಣ ಎಣಿಸಿಡುವವರು ಇಲ್ಲದಿದ್ದರೆ ಆ ಕೆಲಸವೆಲ್ಲ ಶಿಕ್ಷಕರ ಸಂಜೆಗಳನ್ನು ತಿನ್ನುತ್ತದೆ. ಹೊಸ ಜಾಹೀರಾತಿನ ಎರಡನೇ ಸಾಲಿನಲ್ಲೇ ತಂತ್ರಜ್ಞರ ವಿಷಯ ಬರೆದೆವು. ನಮ್ಮಲ್ಲಿರುವ ಯಂತ್ರಗಳನ್ನೂ ಹೆಸರು ಹಿಡಿದು ಬರೆದೆವು: ಲೇಸರ್ ಕಟರ್, 3ಡಿ ಪ್ರಿಂಟರ್, ಪಿಲ್ಲರ್ ಡ್ರಿಲ್, ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆಯುವ ವ್ಯಾಕ್ಯೂಮ್ ಫಾರ್ಮರ್, ಹೊಲಿಗೆ ಯಂತ್ರಗಳು. ‘ಒಂದು ವಸ್ತುವಿನಲ್ಲಿ ಆಳವಾದ ಅನುಭವ, ಉಳಿದವನ್ನು ಕಲಿಯುವ ಮನಸ್ಸು, ತರಬೇತಿಯ ವೆಚ್ಚ ಶಾಲೆಯದು’ ಎಂದು ಸೇರಿಸಿದೆವು. ಶಿಕ್ಷಣ ಇಲಾಖೆಯ ಉಚಿತ ಜಾಲತಾಣದಲ್ಲಿ ಏಪ್ರಿಲ್‌ನಲ್ಲಿ ಅದು ಪ್ರಕಟವಾಯಿತು.

ಇಲ್ಲಿ ಕಾಲದ ಇಕ್ಕಟ್ಟೊಂದನ್ನು ವಿವರಿಸಬೇಕು. ಇಂಗ್ಲೆಂಡಿನ ಶಾಲಾ ಶಿಕ್ಷಕರು ಬೇಕೆಂದಾಗ ಕೆಲಸ ಬಿಡುವಂತಿಲ್ಲ. ವರ್ಷದಲ್ಲಿ ಮೂರು ಗಡುವುಗಳಿವೆ: ಡಿಸೆಂಬರ್ ಕೊನೆಗೆ ಬಿಡುವವರು ಅಕ್ಟೋಬರ್ 31ರೊಳಗೆ, ಏಪ್ರಿಲ್ ಕೊನೆಗೆ ಬಿಡುವವರು ಫೆಬ್ರವರಿ ಕೊನೆಯೊಳಗೆ, ಆಗಸ್ಟ್ ಕೊನೆಗೆ ಬಿಡುವವರು ಮೇ 31ರೊಳಗೆ ರಾಜೀನಾಮೆ ಕೊಟ್ಟಿರಬೇಕು. ಹೀಗಾಗಿ ಮೇ ತಿಂಗಳಲ್ಲಿ ದೇಶದ ಶಾಲೆಗಳೆಲ್ಲ ಒಂದೇ ಬಾವಿಯಿಂದ ನೀರು ಸೇದುತ್ತಿರುತ್ತವೆ. ಜೂನ್ ಒಂದರ ಹೊತ್ತಿಗೆ ಯಾರೂ ಸಿಗದಿದ್ದರೆ ಸೆಪ್ಟೆಂಬರ್‌ನಲ್ಲಿ ತಾತ್ಕಾಲಿಕ ಶಿಕ್ಷಕರೇ ಗತಿ. ಕಾರ್ಯಾಗಾರದಲ್ಲಿ ಅದರ ಅರ್ಥ ಮಕ್ಕಳು ತಿಂಗಳುಗಟ್ಟಲೆ ಹಾಳೆಯ ಮೇಲೆ ಪೋಸ್ಟರ್ ಬರೆಯುತ್ತಾ ಕುಳಿತಿರುವುದು. ತರಬೇತಿಯಿಲ್ಲದವರ ಕೈಗೆ ಯಂತ್ರಗಳನ್ನು ಕೊಡಲಾಗುವುದಿಲ್ಲ.

ಈ ಬಾರಿ ಅರ್ಜಿಗಳು ಬಂದವು, ಓದಿ ತೃಪ್ತಿಯಾಗುವಂಥ ಅರ್ಜಿಗಳೇ. ಮೂವರನ್ನು ಕರೆದೆವು. ಮಕ್ಕಳ ಸುರಕ್ಷತೆಯ ನಿಯಮಗಳು ಇಲ್ಲಿ ಬಹಳ ಬಿಗಿ, ಅದು ಸರಿಯೂ ಹೌದು. ಆಯ್ಕೆ ಸಮಿತಿಯಲ್ಲಿ ಒಬ್ಬರಾದರೂ ಸುರಕ್ಷಿತ ನೇಮಕಾತಿಯ ತರಬೇತಿ ಪಡೆದಿರಬೇಕು. ಉದ್ಯೋಗ ಚರಿತ್ರೆಯಲ್ಲಿ ಬಿಡುವುಗಳಿದ್ದರೆ ಆ ಕಾಲದಲ್ಲಿ ಏನು ಮಾಡುತ್ತಿದ್ದರೆಂದು ಕೇಳಲೇಬೇಕು. ಹಿಂದಿನ ಮುಖ್ಯೋಪಾಧ್ಯಾಯರ ಅಭಿಪ್ರಾಯವನ್ನು ಸಂದರ್ಶನಕ್ಕೆ ಮೊದಲೇ ಶಾಲೆ ನೇರವಾಗಿ ತರಿಸಿಕೊಳ್ಳುತ್ತದೆ. ಅಭ್ಯರ್ಥಿ ತಾವೇ ಹಿಡಿದುಕೊಂಡು ಬಂದ ಪತ್ರಕ್ಕೆ ಬೆಲೆಯಿಲ್ಲ. ಇವೆಲ್ಲ ಕಚೇರಿಯ ಸಿಬ್ಬಂದಿ ಅಚ್ಚುಕಟ್ಟಾಗಿ ನಡೆಸಿದರು.

ಸಂದರ್ಶನದ ದಿನ ಪ್ರತಿಯೊಬ್ಬರೂ ಎಂಟನೇ ವರ್ಷದ, ಅಂದರೆ ಹನ್ನೆರಡು-ಹದಿಮೂರು ವಯಸ್ಸಿನ ಮಕ್ಕಳಿಗೆ ಒಂದು ಪಾಠ ಮಾಡಬೇಕಿತ್ತು. ಪೈನ್ ಮರದ ಪಟ್ಟಿಯೊಂದರ ತುದಿಯಲ್ಲಿ ಗೆರೆ ಎಳೆದು, ಟೆನನ್ ಗರಗಸದಿಂದ ನೇರವಾಗಿ ಕೊಯ್ಯುವುದನ್ನು ಕಲಿಸಿ ಎಂದಷ್ಟೇ ಹೇಳಿದ್ದೆವು. ಸರಳ ಕೆಲಸವನ್ನೇ ಬೇಕೆಂದು ಆರಿಸಿದ್ದೆವು. ಸರಳ ಕೆಲಸದಲ್ಲಿ ಮರೆಯಾಗಲು ಜಾಗವಿರುವುದಿಲ್ಲ.

ಮೊದಲನೆಯವರು ಯುವಕರು, ಉತ್ಪನ್ನ ವಿನ್ಯಾಸದಲ್ಲಿ ಪದವಿ ಪಡೆದವರು. ಅವರು ತಂದಿದ್ದ ಕೆಲಸದ ಚಿತ್ರಗಳು ಅಚ್ಚುಕಟ್ಟಾಗಿದ್ದವು. ಪಾಠದಲ್ಲಿ ಗರಗಸದ ಹಲ್ಲು, ಮರದ ಎಳೆ, ಸುರಕ್ಷತೆ ಎಲ್ಲವನ್ನೂ ಪರದೆಯ ಮೇಲೆ ಚೆನ್ನಾಗಿ ವಿವರಿಸಿದರು. ಮಕ್ಕಳ ಕೈಗೆ ಗರಗಸ ಬಂದಾಗ ಅವಧಿ ಮುಗಿಯುತ್ತಾ ಬಂದಿತ್ತು. ಒಂದೆರಡು ವರ್ಷ ಒಳ್ಳೆಯ ಮಾರ್ಗದರ್ಶನ ಸಿಕ್ಕರೆ ಇವರು ತುಂಬ ಚೆನ್ನಾಗಿ ಬೆಳೆಯುತ್ತಾರೆ ಎಂದು ನಮಗೆಲ್ಲ ಅನ್ನಿಸಿತು. ಆದರೆ ನಮ್ಮಲ್ಲಿ ಆ ಮಾರ್ಗದರ್ಶನ ಕೊಡಬೇಕಾದವರೇ ನಿವೃತ್ತರಾಗುತ್ತಿದ್ದರು.

ಎರಡನೆಯವರು ಎಂಜಿನಿಯರಿಂಗ್ ಕಂಪನಿಯಲ್ಲಿ ಬಹುಕಾಲ ದುಡಿದು, ಅದನ್ನು ಬಿಟ್ಟು, ಶಿಕ್ಷಕ ತರಬೇತಿ ಮುಗಿಸುವ ಹಂತದಲ್ಲಿದ್ದವರು. ನನ್ನ ಮನಸ್ಸು ಸಹಜವಾಗಿ ಇವರ ಕಡೆಗೆ ವಾಲಿತ್ತು. ಗರಗಸ ಹಿಡಿದರೆ ನೋಡುತ್ತಲೇ ಇರಬೇಕೆನ್ನಿಸುವ ಕೈ. ಆದರೆ ಒಬ್ಬ ಹುಡುಗನ ಕೊಯ್ತ ಓರೆಯಾಗಿ ಹೋಗುತ್ತಿದ್ದಾಗ ಅವರು ಅವನ ಕೈಯಿಂದ ಗರಗಸ ತೆಗೆದುಕೊಂಡು, ಚಕಚಕನೆ ನೇರವಾಗಿ ಕೊಯ್ದು, ‘ನೋಡು, ಹೀಗೆ’ ಎಂದು ಪಟ್ಟಿಯನ್ನು ಹಿಂದಿರುಗಿಸಿದರು. ಹುಡುಗ ಖುಷಿಯಾಗಿದ್ದ. ಅವನ ಪಟ್ಟಿ ಸರಿಯಾಗಿತ್ತು, ಅವನಿಗೆ ಕೊಯ್ಯಲು ಬರುತ್ತಿರಲಿಲ್ಲ.

ಮೂರನೆಯವರು ಹಲವು ವರ್ಷ ಬಟ್ಟೆಯ ವಿಭಾಗವನ್ನೇ ಕಲಿಸಿದ್ದ ಶಿಕ್ಷಕಿ. ಅವರ ಪಾಠದಲ್ಲಿ ಪರದೆ ಹೊತ್ತಿಕೊಳ್ಳಲೇ ಇಲ್ಲ. ಮೂಲೆಮಟ್ಟ ಇಟ್ಟು ಗೆರೆ ಎಳೆಯುವುದನ್ನು ತೋರಿಸಿದರು, ಮಕ್ಕಳು ಎಳೆದರು. ಆಮೇಲೆ ಕೇಳಿದರು: ‘ಈ ಗೆರೆಯ ಯಾವ ಬದಿ ನಿಮಗೆ ಬೇಕು, ಯಾವ ಬದಿ ಬೇಡ?’ ಬೇಡದ ಬದಿಗೆ ಪೆನ್ಸಿಲಿನಿಂದ ಗೀಟು ಹಾಕಿಸಿದರು. ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚು ಬಿಡುತ್ತೇವೆ; ಮರ ಕೊಯ್ಯುವಾಗ ಗರಗಸವೇ ತನ್ನ ದಪ್ಪದಷ್ಟು ಮರವನ್ನು ತಿನ್ನುತ್ತದೆ; ಅದು ತಿನ್ನುವುದು ಬೇಡದ ಬದಿಯನ್ನಾಗಿರಲಿ ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ತಂತ್ರಜ್ಞರು ತಲೆದೂಗಿದರು.

ಮಕ್ಕಳು ಕೊಯ್ಯಲು ತೊಡಗಿದಾಗ ನಾನು ಶಿಕ್ಷಕಿಯ ಕಣ್ಣುಗಳನ್ನು ಗಮನಿಸುತ್ತಿದ್ದೆ. ಒಂದು ಮಗುವಿನ ಹತ್ತಿರ ಬಗ್ಗಿ ಮಾತನಾಡುವಾಗಲೂ ಬೆನ್ನು ಗೋಡೆಗೇ ಇರುತ್ತಿತ್ತು, ನೋಟ ಆಗಾಗ ಮೇಲೆದ್ದು ಇಡೀ ಕೋಣೆಯನ್ನು ಸುತ್ತಿ ಬರುತ್ತಿತ್ತು. ಕಿಟಕಿಯ ಬಳಿ ಒಬ್ಬ ಹುಡುಗಿ ವಿಚಿತ್ರವಾಗಿ ಮೈ ತಿರುಚಿಕೊಂಡು ಕೊಯ್ಯುತ್ತಿದ್ದಳು. ಮರದ ಪಟ್ಟಿಯನ್ನು ಒತ್ತಿ ಹಿಡಿಯಲು ಬೆಂಚ್ ಹುಕ್ ಎಂಬ ಹಲಗೆ ಇರುತ್ತದೆ. ಅದರ ಮೇಲಿನ ತಡೆಪಟ್ಟಿ ಒಂದು ಬದಿಯಲ್ಲಿ ಗರಗಸಕ್ಕೆ ಜಾಗ ಬಿಟ್ಟು ನಿಲ್ಲುತ್ತದೆ. ಹುಡುಗಿ ಎಡಗೈಯವಳು, ಹಲಗೆ ಬಲಗೈಯವರಿಗೆ ಮಾಡಿದ್ದು. ಶಿಕ್ಷಕಿ ಏನೂ ಹೇಳಲಿಲ್ಲ. ಗೋಡೆಯ ಗೂಡಿಗೆ ಹೋಗಿ, ಒಂದೊಂದನ್ನೇ ತಿರುವಿ ನೋಡಿ, ಎಡಬದಿಗೆ ಜಾಗವಿದ್ದ ಹಲಗೆಯೊಂದನ್ನು ಹುಡುಕಿ ತಂದು ಅವಳ ಮುಂದಿಟ್ಟರು. ಹುಡುಗಿಯ ಭುಜ ನೆಟ್ಟಗಾಯಿತು. ಗರಗಸ ಗೆರೆಯ ಪಕ್ಕದಲ್ಲೇ ಇಳಿಯಿತು. ಎಡಗೈಯ ಹಲಗೆಗಳು ಆ ಗೂಡಿನಲ್ಲಿವೆ ಎಂಬುದು ಅಲ್ಲಿದ್ದ ನಮ್ಮಲ್ಲಿ ತಂತ್ರಜ್ಞರೊಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಪಾಠವಾದ ಮೇಲೆ ಮತ್ತೊಂದು ಪರೀಕ್ಷೆಯಿತ್ತು. ಜಿಸಿಎಸ್‌ಇಯಲ್ಲಿ ಅರ್ಧ ಅಂಕ ಲಿಖಿತ ಪರೀಕ್ಷೆಗೆ, ಇನ್ನರ್ಧ ವಿದ್ಯಾರ್ಥಿ ತಾನೇ ವಿನ್ಯಾಸ ಮಾಡಿ ತಯಾರಿಸುವ ಯೋಜನೆಗೆ. ಅದನ್ನು ಶಿಕ್ಷಕರೇ ಮೌಲ್ಯಮಾಪನ ಮಾಡುತ್ತಾರೆ, ಪರೀಕ್ಷಾ ಮಂಡಳಿ ಮತ್ತೆ ಪರಿಶೀಲಿಸುತ್ತದೆ. ಹೆಸರು ತೆಗೆದ ಎರಡು ಹಳೆಯ ಯೋಜನೆಗಳನ್ನು ಮೂವರಿಗೂ ಕೊಟ್ಟೆವು. ಒಂದರ ಚಿತ್ರಗಳು ಮುದ್ರಿಸಿದಷ್ಟು ಅಂದ. ಇನ್ನೊಂದರಲ್ಲಿ ರಟ್ಟಿನ ಒರಟು ಮಾದರಿಗಳ ಫೋಟೊಗಳು, ಅಡ್ಡಾದಿಡ್ಡಿ ಬರಹ. ಶಿಕ್ಷಕಿ ಮೊದಲನೆಯದನ್ನು ಕೊನೆಯವರೆಗೆ ಓದಿ, ಈ ವಸ್ತುವನ್ನು ಬಳಸುವವರನ್ನು ವಿದ್ಯಾರ್ಥಿ ಒಮ್ಮೆಯೂ ಕೇಳಿಲ್ಲ, ಮೊದಲ ಚಿತ್ರಕ್ಕೂ ಕೊನೆಯ ವಸ್ತುವಿಗೂ ಏನೂ ಬದಲಾಗಿಲ್ಲ ಎಂದರು. ಎರಡನೆಯದರಲ್ಲಿ ಮೂರನೇ ರಟ್ಟಿನ ಮಾದರಿ ಏಕೆ ಬಂತೆಂದು ಮಗುವೇ ಬರೆದ ಸಾಲನ್ನು ಬೆರಳಿಟ್ಟು ತೋರಿಸಿದರು. ಉಳಿದಿಬ್ಬರೂ ಮೊದಲನೆಯದಕ್ಕೇ ಹೆಚ್ಚು ಅಂಕ ಕೊಟ್ಟಿದ್ದರು. ಪರೀಕ್ಷಾ ಮಂಡಳಿ ಉಳಿಸಿದ್ದು ಎರಡನೆಯದರ ಹೆಚ್ಚಿನ ಅಂಕವನ್ನು.

ಮಧ್ಯಾಹ್ನದ ಸಂದರ್ಶನದಲ್ಲಿ ನಮ್ಮ ಪ್ರಶ್ನೆಗಳಿಗಿಂತ ಆ ಶಿಕ್ಷಕಿಯ ಪ್ರಶ್ನೆಗಳು ನನಗೆ ಹೆಚ್ಚು ನೆನಪಿವೆ. ಮರದ ಧೂಳನ್ನು ಎಳೆಯುವ ವ್ಯವಸ್ಥೆಯನ್ನು ಕೊನೆಯದಾಗಿ ಪರೀಕ್ಷಿಸಿದ ವರದಿಯನ್ನು ನೋಡಬಹುದೇ ಎಂದರು. ಕಾನೂನಿನ ಪ್ರಕಾರ ಅದನ್ನು 14 ತಿಂಗಳಿಗೊಮ್ಮೆಯಾದರೂ ಕೂಲಂಕಷವಾಗಿ ಪರೀಕ್ಷಿಸಬೇಕು. ವರದಿ ಇತ್ತು, ತಂದು ತೋರಿಸಿದೆವು. ತುರ್ತಾಗಿ ಯಂತ್ರಗಳನ್ನೆಲ್ಲ ನಿಲ್ಲಿಸುವ ಕೆಂಪು ಗುಂಡಿಗಳನ್ನು ಯಾರು, ಎಷ್ಟು ದಿನಕ್ಕೊಮ್ಮೆ ಒತ್ತಿ ನೋಡುತ್ತಾರೆ ಎಂದರು. ಕೊನೆಗೆ, ಈ ಕೋಣೆಯಲ್ಲಿ ಒಂದು ಸಲಕ್ಕೆ ಎಷ್ಟು ಮಕ್ಕಳಿರುತ್ತಾರೆ ಎಂದು ಕೇಳಿದರು. ಮುಖ್ಯೋಪಾಧ್ಯಾಯಿನಿ 26 ಎಂದರು. ಶಿಕ್ಷಕಿ ವಿನಯದಿಂದಲೇ, ಆದರೆ ಮಾತು ತಗ್ಗಿಸದೆ, ಈ ವಿಷಯದ ಶಿಕ್ಷಕರ ಸಂಘ ಕಾರ್ಯಾಗಾರದಲ್ಲಿ 20ಕ್ಕಿಂತ ಹೆಚ್ಚು ಬೇಡವೆಂದು ಸಲಹೆ ಕೊಡುತ್ತದೆ, 26 ಮಕ್ಕಳ ಕೈಯಲ್ಲಿ ಗರಗಸವಿರುವಾಗ ನನ್ನ ಕಣ್ಣು ಎಲ್ಲರ ಮೇಲೂ ಇರುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು. ಕೆಲಸ ಬೇಕೆಂದು ಬಂದವರು ಆಯ್ಕೆ ಸಮಿತಿಯ ಮುಂದೆ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ಇಲ್ಲಿ ಸಂದರ್ಶನದ ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: ‘ಈಗಲೂ ಈ ಹುದ್ದೆ ನಿಮಗೆ ಬೇಕೇ?’ ಅಭ್ಯರ್ಥಿಯೂ ದಿನವಿಡೀ ಶಾಲೆಯನ್ನು ಪರೀಕ್ಷಿಸಿರುತ್ತಾರೆ ಎಂಬುದನ್ನು ಒಪ್ಪಿಕೊಳ್ಳುವ ಪದ್ಧತಿ ಅದು. ಅವರು, ಮಕ್ಕಳ ಸಂಖ್ಯೆಯ ಬಗ್ಗೆ ನಿಮ್ಮ ಉತ್ತರ ಕೇಳಿದ ಮೇಲೆ ಹೇಳುತ್ತೇನೆ ಎಂದರು.

ಅವರು ಹೊರಗೆ ಹೋದ ಮೇಲೆ ಸಮಿತಿಯಲ್ಲಿ ಆಯ್ಕೆಯ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಚರ್ಚೆಯಾದದ್ದೆಲ್ಲ ವೇಳಾಪಟ್ಟಿಯ ಬಗ್ಗೆ. ಉಪಮುಖ್ಯೋಪಾಧ್ಯಾಯರು ಹಾಳೆ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದರು: ಎರಡು ತರಗತಿಗಳ 52 ಮಕ್ಕಳನ್ನು ಮೂರು ಗುಂಪು ಮಾಡಿ, ಕಾರ್ಯಾಗಾರ, ಅಡುಗೆ ಕೋಣೆ, ಕಲಾ ಕೊಠಡಿಗಳಲ್ಲಿ ಸರದಿಯ ಮೇಲೆ ಕಳಿಸಿದರೆ ಗುಂಪಿಗೆ 17 ಅಥವಾ 18 ಜನ. ಕಲಾ ಶಿಕ್ಷಕಿಗೆ ವಾರಕ್ಕೆ ಕೆಲವು ಅವಧಿಗಳು ಹೆಚ್ಚಾಗುತ್ತವೆ. ಅದಕ್ಕೆ ಹಣ ಬೇಕು. ಜನವರಿಯಲ್ಲಿ ಕಂಪ್ಯೂಟರ್ ಕೊಠಡಿಯ ಮಾತೆತ್ತಿದ್ದ ಸದಸ್ಯರಿಗೆ ನಾನೇ ಫೋನ್ ಮಾಡಿ ನೋಡಿದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, ಒಪ್ಪಿಗೆ ಕೊಟ್ಟರು.

ಸಂಜೆ ಮುಖ್ಯೋಪಾಧ್ಯಾಯಿನಿ ಕರೆ ಮಾಡಿ ಹುದ್ದೆಯನ್ನೂ ಹೊಸ ಗುಂಪುಗಳ ಲೆಕ್ಕವನ್ನೂ ಒಟ್ಟಿಗೆ ತಿಳಿಸಿದರು. ಶಿಕ್ಷಕಿ ಒಪ್ಪಿದರು, ಮೇ 31ರ ಗಡುವಿನೊಳಗೆ ತಮ್ಮ ಶಾಲೆಗೆ ರಾಜೀನಾಮೆ ಕೊಟ್ಟರು. ಉಳಿದಿಬ್ಬರಿಗೂ ಅದೇ ಸಂಜೆ ಫೋನ್ ಹೋಯಿತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಸಾಲದಾಯಿತು ಎಂದು ವಿವರವಾಗಿ ಹೇಳಲಾಯಿತು. ಎಂಜಿನಿಯರ್ ಅಭ್ಯರ್ಥಿಯೊಂದಿಗೆ ಮಾತನಾಡಲು ನಾನು ಕೇಳಿಕೊಂಡೆ. ಗರಗಸದ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ತರಬೇತಿಯಲ್ಲಿ ಯಾರೂ ತನಗೆ ತೋರಿಸಿಕೊಟ್ಟಿರಲಿಲ್ಲ ಎಂದರು. ಅವರು ಒಳ್ಳೆಯ ಶಿಕ್ಷಕರಾಗುತ್ತಾರೆ ಎಂಬ ನಂಬಿಕೆ ನನಗಿದೆ.

ಜಿಸಿಎಸ್‌ಇ ಯೋಜನೆಯ ವಸ್ತುವಿಷಯಗಳನ್ನು ಪರೀಕ್ಷಾ ಮಂಡಳಿಗಳು ಪ್ರತಿ ವರ್ಷ ಜೂನ್ 1ರಂದು ಪ್ರಕಟಿಸುತ್ತವೆ. ಹತ್ತನೇ ವರ್ಷದ ಮಕ್ಕಳು ಆಗ ಆರಂಭಿಸಿದ್ದನ್ನು ಮುಂದಿನ ವರ್ಷ ಮುಗಿಸುತ್ತಾರೆ. ಆರಂಭ ಒಬ್ಬರ ಕೈಯಲ್ಲಿ, ಮುಕ್ತಾಯ ಇನ್ನೊಬ್ಬರ ಕೈಯಲ್ಲಿ ಆಗಬೇಕಿತ್ತು. ಹೀಗಾಗಿ ಜೂನ್ ಕೊನೆಯಲ್ಲಿ ಹೊಸ ಶಿಕ್ಷಕಿ ಒಂದು ದಿನ ಬಂದು, ನಿವೃತ್ತರಾಗುವವರ ಜೊತೆ ಕುಳಿತು, ಪ್ರತಿ ಮಗುವಿನ ಯೋಜನೆಯನ್ನೂ ನೋಡಿದರು. ಯಾರು ಏನು ಮಾಡಹೊರಟಿದ್ದಾರೆ, ಯಾರಿಗೆ ಆರಂಭವೇ ಆಗಿಲ್ಲ ಎಂದು ಟಿಪ್ಪಣಿ ಮಾಡಿಕೊಂಡರು. ಸೆಪ್ಟೆಂಬರಿಗೆ ಮುಂಚೆ ಅಪರಾಧ ದಾಖಲೆಗಳ ಪರಿಶೀಲನೆ, ಬೋಧನೆಯ ಮೇಲೆ ನಿಷೇಧವಿಲ್ಲವೆಂಬ ಖಾತ್ರಿ, ಅರ್ಹತಾ ಪತ್ರಗಳ ಮೂಲಪ್ರತಿ, ಎಲ್ಲವೂ ಶಾಲೆಯ ದಾಖಲೆ ಪುಸ್ತಕ ಸೇರಿದವು.

ಕಾರ್ಯಾಗಾರದ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ನವೀಕರಿಸುವಂಥದ್ದು. ಅವರದು ಹೊಲಿಗೆ ಯಂತ್ರ ಮತ್ತು ಸಾಮಾನ್ಯ ಉಪಕರಣಗಳಿಗೆ ಚಾಲ್ತಿಯಲ್ಲಿತ್ತು, ಬ್ಯಾಂಡ್ ಸಾ ಎಂಬ ಗರಗಸದ ಯಂತ್ರ ಅದರಲ್ಲಿ ಸೇರಿರಲಿಲ್ಲ. ಅದನ್ನು ಅವರೇ ಮೊದಲ ದಿನ ಬರೆದು ತಿಳಿಸಿದರು. ಜಾಹೀರಾತಿನಲ್ಲಿ ಕೊಟ್ಟ ಮಾತಿನಂತೆ ಆ ತರಬೇತಿಯ ಶುಲ್ಕಕ್ಕೆ ಸೆಪ್ಟೆಂಬರ್ ಸಭೆಯಲ್ಲಿ ಮಂಜೂರಾತಿ ಕೊಟ್ಟೆವು. ತರಬೇತಿ ಮುಗಿಯುವವರೆಗೆ ಆ ಯಂತ್ರವನ್ನು ತಂತ್ರಜ್ಞರು ಮಾತ್ರ ನಡೆಸುವುದು, ಅದರ ಕೀಲಿ ಅವರ ಬಳಿಯೇ ಇರುವುದು ಎಂದು ತೀರ್ಮಾನವಾಯಿತು. ಇಬ್ಬರೂ ಆ ಹಾಳೆಗೆ ಸಹಿ ಹಾಕಿ ಕಾರ್ಯಾಗಾರದ ಬಾಗಿಲಿಗೆ ಅಂಟಿಸಿದರು.